ಬಾಯಿ ಬಿಡದ ಡ್ರಾಕುಲಾ, ಹಲ್ಲು ಕಟ್ಟಿಕೊಂಡ ಪ್ರೇಕ್ಷಕ

ಹೋದ ಭಾನುವಾರ ಮೂರು ಗಂಟೆ ಕೂತು ಒಂದು ಸಿನಿಮಾ ನೋಡಿದೆ. ಹೀರೋ ಕತ್ತಿ ಎತ್ತಿದ. ವಿಲನ್ ಕಣ್ಣರಳಿಸಿದ. ಅಷ್ಟರಲ್ಲಿ ತೆರೆ ಕಪ್ಪಾಗಿ, ಭಾಗ 2ರಲ್ಲಿ ಸಿಗೋಣ ಅಂತ ಅಕ್ಷರ ಬಂತು. ಊಟಕ್ಕೆ ಕೂರಿಸಿ, ಉಪ್ಪು ಉಪ್ಪಿನಕಾಯಿ ಕೋಸಂಬರಿ ಬಡಿಸಿ, ಅನ್ನ ಬರೋ ವರ್ಷ ಅಂದಂತಾಯಿತು. ನನ್ನ ಪಕ್ಕದವರು ಎದ್ದು ನಿಂತು ಚಪ್ಪಾಳೆ ಬೇರೆ ತಟ್ಟಿದರು.

ಆ ಉರಿಯಲ್ಲೇ ಮನೆಗೆ ಬಂದು, ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆದು 'ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್' ಹಾಕಿದೆ. 1966ರದು. ಬ್ರಿಟನ್ನಿನ ಹ್ಯಾಮರ್ ಕಂಪನಿಯದು. ಈಗಿನವರಿಗೆ ಭಾಗ 2 ಮಾಡೋದಕ್ಕೆ ಬರಲ್ಲ, ಹಳಬರನ್ನು ನೋಡಿ ಕಲೀಬೇಕು ಅಂತ ತಿಳಿದವರು ಹೇಳುತ್ತಿರುತ್ತಾರೆ. ಕಲಿತೆ.

ಹಿಂದಿನ ಕಥೆ ನಿಮಗೆ ಗೊತ್ತೇ ಇದೆ. 1958ರಲ್ಲಿ ಇದೇ ಹ್ಯಾಮರ್‌ನ ಸಿನಿಮಾದಲ್ಲಿ ನಟ ಕ್ರಿಸ್ಟೋಫರ್ ಲೀ ರಕ್ತ ಹೀರುವ ಡ್ರಾಕುಲಾ ಆದ. ಅವನನ್ನು ಬೇಟೆಯಾಡುವ ಪಾತ್ರದ ಪೀಟರ್ ಕುಶಿಂಗ್ ಕಿಟಕಿಯ ಪರದೆ ಕಿತ್ತು ಬಿಸಿಲು ಬಿಟ್ಟ. ಡ್ರಾಕುಲಾ ಬೂದಿಯಾದ. ದುಡ್ಡು ಧಾರಾಳವಾಗಿ ಬಂತು. ಬೂದಿಯಾದವನನ್ನು ಏನು ಮಾಡೋದು? 1960ರಲ್ಲಿ 'ದಿ ಬ್ರೈಡ್ಸ್ ಆಫ್ ಡ್ರಾಕುಲಾ' ಅಂತ ತೆಗೆದರು. ಅದರಲ್ಲಿ ಡ್ರಾಕುಲಾನೇ ಇಲ್ಲ! ಗಂಡಿಲ್ಲದ ಮದುವೆಗೆ ಲಗ್ನಪತ್ರಿಕೆ ಹಂಚಿ, ಮುಯ್ಯಿ ಎತ್ತಿಕೊಂಡರು. ಸಿನಿಮಾ ಚೆನ್ನಾಗಿಯೇ ಇದೆ, ಅದು ಬೇರೆ ಮಾತು.

ಆರು ವರ್ಷ ಬಿಟ್ಟು ಮದುಮಗನೇ ಬಂದ. 1966ರ ಸಿನಿಮಾ ಶುರುವಾಗೋದು 1958ರ ಸಿನಿಮಾದ ಕ್ಲೈಮ್ಯಾಕ್ಸಿನಿಂದ. ಅದೇ ಪರದೆ, ಅದೇ ಬಿಸಿಲು, ಅದೇ ಬೂದಿ. ಸುತ್ತ ಒಂದಿಷ್ಟು ಹೊಗೆ ಸೇರಿಸಿದ್ದಾರೆ, ಹೊಸದು ಅಷ್ಟೇ. ಆಮೇಲೆ ನಾಲ್ಕು ಜನ ಇಂಗ್ಲಿಷ್ ಪ್ರವಾಸಿಗಳು ಬರುತ್ತಾರೆ. ಆ ಕಡೆ ಹೋಗಬೇಡಿ ಅಂತ ಒಬ್ಬ ಪಾದ್ರಿ ಬಾಯಿಬಿಟ್ಟು ಹೇಳುತ್ತಾನೆ. ಹೋಗುತ್ತಾರೆ. ಸಂಜೆಯಾಗುತ್ತಲೇ ಗಾಡಿಯವನು ನಡುದಾರಿಯಲ್ಲಿ ಇಳಿಸಿ, ಇನ್ನು ಮುಂದಕ್ಕೆ ಬರಲ್ಲ ಅಂತಾನೆ. ಇದನ್ನು ಹಾರರ್ ಅಂತ ತೋರಿಸಿದ್ದಾರೆ. ನಮ್ಮ ಬೆಂಗಳೂರಿನಲ್ಲಿ ಆಟೋದವರು ಹಗಲು ಹನ್ನೆರಡಕ್ಕೇ ಅದನ್ನು ಹೇಳುತ್ತಾರೆ, ಅದಕ್ಕೆ ಕೋಟೆ ಗೀಟೆ ಏನೂ ಬೇಕಿಲ್ಲ.

ಹಿಂದೆಯೇ ಸಾರಥಿಯಿಲ್ಲದ ಇನ್ನೊಂದು ಗಾಡಿ ಬರುತ್ತದೆ. ಹತ್ತುತ್ತಾರೆ. ಅದು ಡ್ರಾಕುಲಾನ ಕೋಟೆಗೆ ತಂದು ಬಿಡುತ್ತದೆ. ಅಲ್ಲಿ ನಾಲ್ಕು ಜನಕ್ಕೆ ಮೇಜು ಹಾಕಿ ರೆಡಿ ಇದೆ. ಕೂತು ಉಣ್ಣುತ್ತಾರೆ. ಹೆಲನ್ ಅನ್ನೋಳು ಒಬ್ಬಳೇ, ಇಲ್ಲೇನೋ ಸರಿ ಇಲ್ಲ ಅಂತ ಗೋಳಾಡುತ್ತಾಳೆ. ಸುಮ್ನಿರಮ್ಮ, ಯಾವಾಗ್ಲೂ ನಿನ್ನದೊಂದು ರಗಳೆ ಅಂತಾರೆ ಉಳಿದವರು. ಕೊನೆಗೆ ರಕ್ತಪಿಶಾಚಿ ಆಗೋದು ಯಾರು? ಅವಳೇ. ಸನ್ಯಾಸಿಗಳು ಮೇಜಿನ ಮೇಲೆ ಅಮುಕಿ ಹಿಡಿದು ಎದೆಗೆ ಗೂಟ ಹೊಡೆಯೋದೂ ಅವಳಿಗೇ. ನಿಜ ಹೇಳಿದವರಿಗೆ ಆಗೋ ಗತಿ.

ಅರ್ಧ ಸಿನಿಮಾ ಮುಗಿಯೋವರೆಗೆ ಡ್ರಾಕುಲಾನ ಪತ್ತೆಯಿಲ್ಲ. ಆಮೇಲೆ ಆಳು ಕ್ಲೋವ್ ಒಬ್ಬ ಪ್ರವಾಸಿಯನ್ನು ಕೊಂದು, ತಲೆಕೆಳಗಾಗಿ ತೂಗುಹಾಕಿ, ಕತ್ತು ಕೊಯ್ದು, ಬೂದಿಯ ಮೇಲೆ ರಕ್ತ ಸುರಿಸುತ್ತಾನೆ. ಹೊಗೆ ಏಳುತ್ತದೆ. ಒಂದು ಕೈ ಏಳುತ್ತದೆ. ಎಷ್ಟು ವರ್ಷ ಕಾದಿದ್ದೀವಿ, ಈಗ ಮಾತಾಡುತ್ತಾನೆ ಅಂತ ನಾನೂ ಕಿವಿ ಕೊಟ್ಟೆ.

ಬುಸ್ ಅಂದ.

ಅಷ್ಟೇ. ಇಡೀ ಸಿನಿಮಾದಲ್ಲಿ ನಾಯಕನಿಗೆ ಒಂದೇ ಒಂದು ಮಾತಿಲ್ಲ. ನಮ್ಮ ಮನೆಯ ಕುಕ್ಕರ್ ಇದಕ್ಕಿಂತ ವಾಚಾಳಿ. ಬರೆದಿದ್ದ ಡೈಲಾಗ್ ಎಷ್ಟು ಕೆಟ್ಟದಾಗಿತ್ತೆಂದರೆ ನಾನೇ ಹೇಳಲ್ಲ ಅಂದೆ ಅಂತ ಲೀ. ರಕ್ತಪಿಶಾಚಿಗಳು ಕೂತು ಹರಟೆ ಹೊಡೆಯುತ್ತಾವಾ, ನಾನು ಬರೆದೇ ಇರಲಿಲ್ಲ ಅಂತ ಚಿತ್ರಕಥೆಗಾರ ಜಿಮ್ಮಿ ಸ್ಯಾಂಗ್‌ಸ್ಟರ್. ಇಬ್ಬರೂ ಸಾಯೋವರೆಗೆ ಇದು ಇತ್ಯರ್ಥ ಆಗಲಿಲ್ಲ. ಆದರೆ ಟೈಟಲ್ ಕಾರ್ಡ್ ನೋಡಿ: ಚಿತ್ರಕಥೆ ಜಾನ್ ಸ್ಯಾನ್‌ಸಮ್. ಅದು ಸ್ಯಾಂಗ್‌ಸ್ಟರ್ ಹಾಕಿಕೊಂಡ ಸುಳ್ಳು ಹೆಸರು. ಮೂಲ ಕಥೆ ಜಾನ್ ಎಲ್ಡರ್. ಅದೂ ಸುಳ್ಳು ಹೆಸರೇ, ನಿಜವಾದ ಆಸಾಮಿ ಹ್ಯಾಮರ್‌ನ ಆಂಟನಿ ಹೈಂಡ್ಸ್. ಬರೆದವನು ಹೆಸರು ಹೇಳಲ್ಲ, ಯೋಚನೆ ಮಾಡಿದವನು ಹೆಸರು ಹೇಳಲ್ಲ, ಹೀರೋ ಮಾತೇ ಆಡಲ್ಲ. ಎಫ್‌ಐಆರ್ ಹಾಕಿದರೂ ಆರೋಪಿ ಸಿಗಲ್ಲ.

ಇಷ್ಟು ಸಾಲದು ಅಂತ ಅದೇ ಕೋಟೆಯ ಸೆಟ್ಟಿಗೆ ಸ್ವಲ್ಪ ಬಣ್ಣ ಬಳಿದು, ಹ್ಯಾಮರ್‌ನ ಅದೇ ಬ್ರೇ ಸ್ಟುಡಿಯೋದಲ್ಲಿ, ಅದೇ ಲೀ, ಅದೇ ಹೆಲನ್ ಆಗಿದ್ದ ಬಾರ್ಬರಾ ಶೆಲ್ಲಿಯನ್ನು ಹಾಕಿಕೊಂಡು ಬೆನ್ನಿಗೇ ರಷ್ಯಾದ ಸನ್ಯಾಸಿ ರಾಸ್‌ಪುಟಿನ್‌ನ ಸಿನಿಮಾ ತೆಗೆದರು. ಬೆಳಿಗ್ಗೆಯ ಇಡ್ಲಿಯೇ ಸಂಜೆಗೆ ಉಪ್ಪಿಟ್ಟು. ಅದರಲ್ಲಿ ಲೀಗೆ ಬೇಕಾದಷ್ಟು ಮಾತಿದೆ, ಬಾಕಿ ಎಲ್ಲ ಅಲ್ಲಿ ತೀರಿಸಿಕೊಂಡ ಅಂತ ಕಾಣುತ್ತೆ.

ಇನ್ನು ಪ್ರೇಕ್ಷಕ ಮಹಾಪ್ರಭುಗಳು. ಬೈದರಾ? ಸೀಟು ಕಿತ್ತರಾ? ಇಲ್ಲ, ಕ್ಯೂ ನಿಂತರು. ಅಮೆರಿಕದಲ್ಲಿ ಇದನ್ನು ಒಂದು ಜಾಂಬಿ ಸಿನಿಮಾದ ಜೊತೆ ಒಂದೇ ಟಿಕೆಟ್ಟಿಗೆ ತೋರಿಸಿ, ಗಂಡು ಹುಡುಗರಿಗೆ ಪ್ಲಾಸ್ಟಿಕ್ ಕೋರೆಹಲ್ಲು, ಹುಡುಗಿಯರಿಗೆ ಜಾಂಬಿ ಕಣ್ಣು ಪುಕ್ಕಟೆ ಹಂಚಿದರು. ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಕತ್ತಲ ಥಿಯೇಟರಿನಲ್ಲಿ ಮುನ್ನೂರು ಹುಡುಗರು. ಎಲ್ಲರ ಬಾಯಲ್ಲೂ ಪ್ಲಾಸ್ಟಿಕ್ ಹಲ್ಲು. ಜೊಲ್ಲು ಸುರಿಯುತ್ತಿದೆ. ಕಥೆ ಎಲ್ಲಿ ಅಂತ ಕೇಳಬೇಕು ಅನಿಸಿದರೂ ಬಾಯಿ ತೆರೆದರೆ ಬರೋದು ಬುಸ್ ಅಂತಲೇ. ಪರದೆಯ ಮೇಲಿದ್ದವನಿಗೂ ಕೆಳಗಿದ್ದವರಿಗೂ ಇಷ್ಟು ಒಳ್ಳೆ ಹೊಂದಾಣಿಕೆ ಸಿನಿಮಾ ಇತಿಹಾಸದಲ್ಲೇ ಕಾಣೆ.

ನಮ್ಮ ದೇವೀ ಕಥೆಯಲ್ಲಿ ರಕ್ತಬೀಜ ಬರುತ್ತಾನಲ್ಲ, ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ ಹುಟ್ಟೋನು. ಕಾಳಿ ನಾಲಿಗೆ ಚಾಚಿ ಒಂದು ಹನಿಯೂ ನೆಲಕ್ಕೆ ಬೀಳದಂತೆ ಕುಡಿದಳು. ಹ್ಯಾಮರ್‌ನವರು ಪುರಾಣವನ್ನು ಉಲ್ಟಾ ಓದಿದರು. ಒಂದು ಹನಿಯೂ ವೇಸ್ಟ್ ಆಗಬಾರದು ಅಂತ ಕೆಳಗೆ ಪಾತ್ರೆ ಇಟ್ಟರು. ಈ ಸಿನಿಮಾದ ಕೊನೆಗೆ ಡ್ರಾಕುಲಾ ಕೋಟೆಯ ಕಂದಕದ ಹಿಮ ಒಡೆದು ನೀರಿಗೆ ಬಿದ್ದನಾ, 1968ರ ಮುಂದಿನ ಭಾಗದಲ್ಲಿ ಒಬ್ಬ ಪಾದ್ರಿ ಜಾರಿ ಬಿದ್ದು, ತಲೆ ಒಡೆದು, ಆ ರಕ್ತ ಹಿಮದೊಳಗೆ ಇಳಿದು ಇವನ ತುಟಿಗೇ ತಗುಲಿತು. 1970ರಲ್ಲಿ ಒಣಗಿದ ರಕ್ತದ ಪುಡಿ. ನೀರಿಗೆ ಹಾಕಿ ಕಲಕಿದರೆ ಸಾಕು ಅನ್ನೋ ಇನ್‌ಸ್ಟಂಟ್ ಕಾಫಿ ಲೆಕ್ಕ. ಅದೇ ವರ್ಷ ಇನ್ನೊಂದರಲ್ಲಿ ಬಾವಲಿಯೊಂದು ಹಾರಿಬಂದು ಬೂದಿಯ ಮೇಲೆ ರಕ್ತ ಉಗುಳಿ ಹೋಯಿತು. ಕಥೆ ಬರೆಯುವವರು ಸುಸ್ತಾಗಿ ಕೆಲಸವನ್ನು ಬಾವಲಿಗೆ ವಹಿಸಿದ್ದರು.

ಅತ್ತ ಸರ್ಕಾರ ಸುಮ್ಮನಿತ್ತಾ? 1968ರಲ್ಲಿ ಹ್ಯಾಮರ್‌ಗೆ ರಾಣಿಯ ಹೆಸರಿನ ಕೈಗಾರಿಕಾ ಪ್ರಶಸ್ತಿ ಸಿಕ್ಕಿತು. ಹೊರದೇಶದ ದುಡ್ಡು ತಂದದ್ದಕ್ಕೆ. ಅವರದೇ ಸೆನ್ಸಾರ್ ಮಂಡಳಿ ಮಕ್ಕಳು ನೋಡಕೂಡದು ಅಂತ ಎಕ್ಸ್ ಮುದ್ರೆ ಒತ್ತುತ್ತಿದ್ದ ಮಾಲಿಗೆ, ಅವರದೇ ರಾಣಿಯ ಪ್ರಶಸ್ತಿ. ಉಕ್ಕು, ಉಣ್ಣೆ, ಡ್ರಾಕುಲಾ. ರಫ್ತಾದರೆ ಎಲ್ಲವೂ ಪವಿತ್ರ.

ನನಗೆ ನಿಜಕ್ಕೂ ಇಷ್ಟವಾದದ್ದು ಕೊನೆಯವುಗಳಲ್ಲಿ ಒಂದು, 'ದಿ ಸಟಾನಿಕ್ ರೈಟ್ಸ್ ಆಫ್ ಡ್ರಾಕುಲಾ'. ಬ್ರಿಟನ್ನಿನಲ್ಲಿ 1974ರಲ್ಲಿ ಬಂತು. ಅದರಲ್ಲಿ ಡ್ರಾಕುಲಾ ಲಂಡನ್ನಿನಲ್ಲಿ ಬಿಲ್ಡರ್! ಹೆಸರು ಡಿ.ಡಿ. ಡೆನ್‌ಹ್ಯಾಮ್. ಹಳೇ ಚರ್ಚಿನ ಜಾಗದಲ್ಲಿ ಎತ್ತರದ ಆಫೀಸು ಕಟ್ಟಡ ಎಬ್ಬಿಸಿ, ಮೇಲೆ ಕೂತು ರಾತ್ರಿ ಮಾತ್ರ ಜನರನ್ನು ನೋಡುತ್ತಾನೆ. ಅಲ್ಲಿ ಜನಕ್ಕೆ ಅಷ್ಟೊಂದು ಹಿಡಿಸಲಿಲ್ಲ, ಅಮೆರಿಕದ ಥಿಯೇಟರಿಗೆ ಬರೋದಕ್ಕೆ 1978 ಆಯಿತು. ಬೆಂಗಳೂರಿನಲ್ಲಿ ಬಿಟ್ಟಿದ್ದರೆ ಯಾರೂ ಅದನ್ನು ಹಾರರ್ ಅಂತಲೇ ಅಂದುಕೊಳ್ಳುತ್ತಿರಲಿಲ್ಲ. ಕೆರೆ ಜಾಗ ಅಲ್ಲವಲ್ಲ, ಓಸಿ ಇದೆಯಾ, ಕಾವೇರಿ ನೀರು ಬರುತ್ತಾ ಅಂತ ಕೇಳಿ ಟೋಕನ್ ಅಡ್ವಾನ್ಸ್ ಕೊಟ್ಟು ಬರುತ್ತಿದ್ದೆವು. ರಕ್ತ ಹೀರುತ್ತಾನೆ ಅಂದರೆ, ಇಎಂಐ ಹೋದಮೇಲೆ ಉಳಿದಿದ್ದರೆ ಹೀರಲಿ ಬಿಡಿ ಅನ್ನುತ್ತಿದ್ದೆವು.

ಇಷ್ಟು ಹೊತ್ತು ನಕ್ಕೆ. ಒಂದು ಕಡೆ ನಗು ನಿಂತುಹೋಯಿತು. ಲೀಗೆ ಈ ಪಾತ್ರ ಬೇಸರ ಬಂದಿತ್ತು. ಬೇಡ ಅಂದಾಗಲೆಲ್ಲ ಕಂಪನಿಯವರು ಏನು ಹೇಳುತ್ತಿದ್ದರು ಅಂತ ಅವನೇ ಎಷ್ಟೋ ಸಲ ಹೇಳಿದ್ದಾನೆ. ನೀನಿದ್ದೀಯ ಅಂತಲೇ ಅಮೆರಿಕಕ್ಕೆ ಮಾರಿಬಿಟ್ಟಿದ್ದೀವಿ, ನೀನು ಬರದಿದ್ದರೆ ಎಷ್ಟು ಜನರ ಕೆಲಸ ಹೋಗುತ್ತೆ ಯೋಚಿಸು ಅಂತ. ಈ ಮಾತು ನನಗೆ ಚೆನ್ನಾಗಿ ಗೊತ್ತು. ನಾನು ಕೆಲಸ ಮಾಡಿದ ಕಡೆಯೂ ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ಲೈಟ್ ಹೊರುವವನ ಹೊಟ್ಟೆ ಇವರಿಗೆ ನೆನಪಾಗೋದು ಇಂಥ ಹೊತ್ತಿನಲ್ಲೇ. ಲಾಭ ಎಣಿಸುವಾಗ ನೆನಪಾಗಲ್ಲ. ಒಬ್ಬನ ಬಾಯಿ ಮುಚ್ಚಿಸೋಕೆ ಇನ್ನೊಬ್ಬನ ಹಸಿವನ್ನು ತಂದು ಮುಂದಿಡುತ್ತಾರೆ. ಬ್ರೇ ಸ್ಟುಡಿಯೋ ಅಂದರೆ ಒಂದು ಕುಟುಂಬದ ಹಾಗೆ ಅನ್ನುತ್ತಿದ್ದರು. 1966 ಮುಗಿಯೋದರೊಳಗೆ ಹ್ಯಾಮರ್ ತನ್ನ ಕೊನೆಯ ಸಿನಿಮಾವನ್ನು ಅಲ್ಲಿ ತೆಗೆದು ಬೇರೆ ಕಡೆ ಹೊರಟುಹೋಯಿತು. ಥೂ. ಇದರ ಮುಂದೆ ಡ್ರಾಕುಲಾ ವಾಸಿ, ಅವನು ಕಚ್ಚುವಾಗ ನಿನ್ನ ಒಳ್ಳೇದಕ್ಕೇ ಅನ್ನಲ್ಲ.

ಅವನಿಗೊಂದು ಮರ್ಯಾದೆ ಬೇರೆ ಇದೆ. ಒಳಗಿನವರು ಕರೆಯದೆ ಹೊಸ್ತಿಲು ದಾಟಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಆ ದೆವ್ವವೂ ಹಾಗೇ. ನೀಟಾಗಿ ಕನ್ನಡ ಓದಿಕೊಂಡು ವಾಪಸ್ ಹೋಗುತ್ತಿತ್ತು. ಈ ಸಿನಿಮಾದಲ್ಲೂ ಡ್ರಾಕುಲಾ ಮಠದ ಹೊರಗೇ ನಿಂತಿರುತ್ತಾನೆ. ನೊಣ ಹಿಡಿದು ತಿನ್ನುವ ಒಬ್ಬ ಅರೆಹುಚ್ಚ ಒಳಗಿನಿಂದ ಬಾ ಅಂತ ಕರೆಯುತ್ತಾನೆ. ಅವನನ್ನು ನೋಡಿದಾಗ ಭಾನುವಾರ ಚಪ್ಪಾಳೆ ತಟ್ಟಿದ ನನ್ನ ಪಕ್ಕದ ಸೀಟಿನವರು ನೆನಪಾದರು.

ಹಿಮ ಒಡೆಯಿತು, ಡ್ರಾಕುಲಾ ಮುಳುಗಿದ. ಗಂಟೆ ಹನ್ನೆರಡೂಮುಕ್ಕಾಲು. ಲ್ಯಾಪ್‌ಟಾಪ್ ಮುಚ್ಚೋಣ ಅಂದುಕೊಂಡೆ. ಮೂಲೆಯಲ್ಲಿ ಮುಂದಿನ ಸಿನಿಮಾ ಐದು ಸೆಕೆಂಡಿನಲ್ಲಿ ಅಂತ ಬಂತು. ನಾಲ್ಕು. ಮೂರು. ಕನ್ನಡಕ ಹುಡುಕಿ, ಮೌಸ್ ಹುಡುಕುವಷ್ಟರಲ್ಲಿ 1968ರದು ಶುರುವಾಗಿಯೇ ಬಿಟ್ಟಿತ್ತು. ಚರ್ಚಿನ ಹುಡುಗ ಗಂಟೆ ಬಾರಿಸೋಕೆ ಹಗ್ಗ ಹಿಡಿದ. ಹಗ್ಗದ ಮೇಲಿಂದ ಕೆಂಪಗೆ ಏನೋ ಇಳಿಯುತ್ತಿತ್ತು. ಎದ್ದು ಹೋಗಿ ಒಂದು ಲೋಟ ಕಾಫಿ ಬೆರೆಸಿಕೊಂಡು ಬಂದೆ.