ಕಾಳು ಹಾಕಿದವರಿಗೇ ಒದೆ
ಮೂಡಿಗೆರೆ ಕಡೆ ಮಳೆಗಾಲದಲ್ಲಿ ಜಿಗಣೆಗೆ ಹೆದರಬೇಕು, ಸರಿ. ನಮ್ಮನೆಯಲ್ಲಿ ಹುಂಜಕ್ಕೂ ಹೆದರಬೇಕು! ಐದಾರು ತಿಂಗಳವರೆಗೆ ಕೈಯಿಂದಲೇ ಅಕ್ಕಿ ತಿನ್ನುತ್ತಿತ್ತು. ಪ್ರಾಯ ಬಂದದ್ದೇ ತಡ, ತಲೆ ತಿರುಗಿದೆ. ಬಚ್ಚಲೊಲೆಗೆ ಸೌದೆ ತರಲು ಹೋದರೆ ಒಂದು ರೆಕ್ಕೆ ಇಳಿಬಿಟ್ಟು, ಓರೆಯಾಗಿ ಹೆಜ್ಜೆ ಹಾಕುತ್ತಾ ಬರುತ್ತದೆ. ಬೆನ್ನು ತಿರುಗಿಸಿದೆವೋ, ಹಾರಿ ಮೀನಖಂಡಕ್ಕೇ ಒದೆಯುತ್ತದೆ. ಕೊಕ್ಕನ್ನಾದರೂ ತಡೆಯಬಹುದು, ಆ ಕಾಲಿನ ಮುಳ್ಳಿದೆಯಲ್ಲ, ಅಯ್ಯೋ! ಹೇಟೆಗಳನ್ನು ಕಾಯುವುದು ಅದರ ಕೆಲಸ, ಒಪ್ಪುತ್ತೇನೆ. ಆದರೆ ದಿನಾ ಕಾಳು ಹಾಕುವವಳ ಮೇಲೇ ಏನು ಅನುಮಾನ? ಓಡಿದರೆ ಇನ್ನೂ ಕೊಬ್ಬುತ್ತದೆ, ಪೊರಕೆ ಬೀಸಿದರೆ ಕಾಳಗಕ್ಕೇ ನಿಲ್ಲುತ್ತದೆ. ಅದಕ್ಕೇ ಈಗ ಮಂಕರಿ ಅಡ್ಡ ಹಿಡಿದು ಸುಮ್ನೆ ನಿಲ್ಲುತ್ತೇನೆ. ನಮ್ಮ ಯಜಮಾನರು ಮಾತ್ರ ಜಗಲಿಯಲ್ಲಿ ಕೂತು ನಗುತ್ತಾರೆ. ಅತ್ತೆಯವರದ್ದು ಒಂದೇ ಮಾತು: "ಭಾನುವಾರ ಕಡುಬು, ಕೋಳಿಸಾರು ಮಾಡೋಣ್ವಾ?"