ಡಬ್ಬ ಹೊರುವ ಸರದಿ

"ಆ ಟಾಯ್ಲೆಟ್ ಡಬ್ಬಾನೂ ನೀವೇ ಹೊರ್ತೀರಾ? ಅಲ್ಲಿ ಆಳುಗಳು ಸಿಗಲ್ವೇನೋ?" ವೀಡಿಯೋ ಕಾಲ್‌ನಲ್ಲಿ ಗೆಳೆಯನ ಅಮ್ಮ ಕೇಳಿದರು. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಕೇಳಿದ್ದು. ಆದರೂ ಆ ಮಾತು ನನಗೆ ಚುರುಕ್ಕೆಂದಿತು.

ಅಮೆರಿಕದ ಡೆನ್ವರ್‌ನಲ್ಲಿರುವ ನಾವು ಕೆಲವು ಕನ್ನಡದ ಗೆಳೆಯರು ಯೂಟಾದ ಮರುಭೂಮಿಗೆ ಹೋಗಿ ಬಂದೆವು. ಗ್ರೀನ್ ನದಿಯ ಲ್ಯಾಬಿರಿಂಥ್ ಕಣಿವೆಯಲ್ಲಿ ದೋಣಿ. ಆಮೇಲೆ ಮೋಆಬ್‌ನ ಸ್ಲಿಕ್‌ರಾಕ್ ಬಂಡೆಗಳ ಮೇಲೆ, ಬಿಳಿ ಬಣ್ಣದ ಗುರುತು ಹಿಡಿದು ಸೈಕಲ್. ಕೊನೆಗೆ ಸೊಂಟಕ್ಕೆ ಹಗ್ಗ ಬಿಗಿದು ಕಿರಿದಾದ ಕೊರಕಲಿಗೆ ಇಳಿಯೋದು. ಫೋಟೋಗಳನ್ನು ಎಲ್ಲರಿಗೂ ಕಳಿಸಿ ಆಗಿದೆ. ನಾನು ಹೇಳಬೇಕಿರೋದು ಫೋಟೋದಲ್ಲಿ ಇಲ್ಲದ ಡಬ್ಬದ ಬಗ್ಗೆ.

ಲ್ಯಾಬಿರಿಂಥ್ ಕಣಿವೆಗೆ ಪರ್ಮಿಟ್ ಬೇಕು, ದುಡ್ಡು ಬೇಡ. ಆದರೆ ಷರತ್ತುಗಳಿವೆ. ಬೆಂಕಿ ಹಾಕೋದಾದರೆ ಲೋಹದ ತಟ್ಟೆಯ ಮೇಲೆ, ಬೂದಿಯೂ ವಾಪಸ್ ಬರಬೇಕು. ಜೊತೆಗೆ ಮಲವನ್ನೆಲ್ಲ ತುಂಬಿಸಿ ವಾಪಸ್ ತರೋಕೆ ಟಾಯ್ಲೆಟ್ ಡಬ್ಬ ಕಡ್ಡಾಯ. ವರ್ಷಕ್ಕೆ ಹತ್ತು ಇಂಚು ಮಳೆಯೂ ಬೀಳದ ಜಾಗ ಅದು. ಹೂತಿಟ್ಟದ್ದು ಬೇಗ ಕೊಳೆಯಲ್ಲ. ಮಣ್ಣಿನ ಮೇಲೆ ಪಾಚಿ, ಕಲ್ಲುಹೂವು ಸೇರಿ ಕಪ್ಪನೆಯ ಹಪ್ಪಳೆ ಕಟ್ಟಿರುತ್ತದೆ. ಒಮ್ಮೆ ತುಳಿದರೆ ಅದು ಮತ್ತೆ ಬೆಳೆಯೋಕೆ ಹತ್ತಾರು ವರ್ಷ ಬೇಕು. ಮೂತ್ರ ಮಾತ್ರ ಸೀದಾ ನದಿಗೇ! ಮರಳ ದಂಡೆ ನಾರಬಾರದು, ಕೆಸರು ತುಂಬಿದ ದೊಡ್ಡ ಹೊಳೆ ತಡೆದುಕೊಳ್ಳುತ್ತದೆ ಅನ್ನೋ ಲೆಕ್ಕ. ಕಾವೇರಿಗೆ ಬಾಗಿನ ಕೊಡುವ ಕಡೆಯಿಂದ ಬಂದವರಿಗೆ ಇದನ್ನು ಒಪ್ಪೋದು ಕಷ್ಟವೇ ಆಯ್ತು.

ಡಬ್ಬ ಅಂದರೆ ಅಲ್ಯೂಮಿನಿಯಂ ಪೆಟ್ಟಿಗೆ. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ, ಬಿಗಿಯೋಕೆ ಕೊಂಡಿಗಳು. ಬೆಳಿಗ್ಗೆ ಎಲ್ಲರದೂ ಮುಗಿದ ಮೇಲೆ ಮುಚ್ಚಿ, ದೋಣಿಗೆ ಕಟ್ಟಬೇಕು. ಸಂಜೆ ಇಳಿಸಬೇಕು. ದಿನದಿಂದ ದಿನಕ್ಕೆ ಭಾರ ಜಾಸ್ತಿ. ಮಿನರಲ್ ಬಾಟಮ್‌ನಲ್ಲಿ ದಡ ಸೇರಿದ ಮೇಲೆ ಊರಿಗೆ ಒಯ್ದು, ಇಂಥದ್ದನ್ನು ಸುರಿಯೋಕೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಿ ತೊಳೆಯಬೇಕು. ನಮ್ಮಲ್ಲೊಬ್ಬರು ದೊಡ್ಡ ಕಂಪನಿಯ ಡೈರೆಕ್ಟರ್. ತಮ್ಮ ಸರದಿ ಬಂದಾಗ ತುಟಿಪಿಟಕ್ ಅನ್ನದೆ ಹೊತ್ತರು, ತೊಳೆದರು. ದಾವಣಗೆರೆಯ ಅವರ ಮನೆಯಲ್ಲಿ ನಾನು ಉಂಡಿದ್ದೇನೆ. ಅಲ್ಲಿ ಅವರು ತಮ್ಮ ಊಟದ ತಟ್ಟೆ ಎತ್ತಿದ್ದನ್ನೂ ನೋಡಿಲ್ಲ.

ಮನುಷ್ಯ ಅದೇ. ಬದಲಾಗಿದ್ದು ಏನು? ಇಲ್ಲಿ ಹಿಂದೆ ಬಂದು ಎತ್ತುವವರು ಯಾರೂ ಇಲ್ಲ, ಅಷ್ಟೇ.

ನಮ್ಮ ನಾಡಿನಲ್ಲಿ ಇದ್ದಾರೆ. ಅದೇ ನಮ್ಮ ತೊಂದರೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ಕರ್ನಾಟಕದಲ್ಲಿ ನಿಲ್ಲಿಸಲು ಹೊರಟವರು ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ. ಆಮೇಲೆ ದೇಶಕ್ಕೆ 1993ರಲ್ಲೊಂದು ಕಾನೂನು, 2013ರಲ್ಲಿ ಇನ್ನೊಂದು. ಆದರೂ ಮ್ಯಾನ್‌ಹೋಲ್‌ಗೆ ಇಳಿದವರು ಸಾಯೋದು ನಿಂತಿಲ್ಲ. ಸ್ನಾನ ಮಾಡದೆ ಒಲೆ ಮುಟ್ಟದವರು ನಾವು, ಬೆಟ್ಟಕ್ಕೆ ಹೋದರೆ ಬಾಟಲಿ, ಚಿಪ್ಸ್ ಪ್ಯಾಕೆಟ್ ಅಲ್ಲೇ ಎಸೆದು ಬರುತ್ತೇವೆ. ಯಾರೋ ಎತ್ತುತ್ತಾರೆ ಬಿಡು ಅಂತ. ಆ ಯಾರೋ ಯಾವ ಕೇರಿಯವರು ಅಂತ ನಮಗೆಲ್ಲ ಗೊತ್ತು, ಅಲ್ವಾ? ಈಗ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂದಿದೆ. ಅದರ ಜೊತೆಗೇ ನಮ್ಮ ಕಸ ನಾವೇ ಕೆಳಗೆ ತರುವ ಷರತ್ತೂ ಎಲ್ಲ ಕಡೆ ಬಿಗಿಯಾಗಲಿ, ಇಳಿದು ಬಂದಾಗ ಚೀಲ ಬಿಚ್ಚಿಸಿ ನೋಡಲಿ.

ಅಮೆರಿಕದವರೇನು ಹುಟ್ಟಾ ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. ಇಲ್ಲಿ ರೇಂಜರ್ ಇದ್ದಾರೆ, ದಂಡ ಇದೆ. ಜಾಗ ವಿಶಾಲ, ಜನ ಕಡಿಮೆ.

ಇನ್ನೊಂದನ್ನೂ ಹೇಳಲೇಬೇಕು. ಪಕ್ಕದ ದಂಡೆಯಲ್ಲಿ ಟೆಂಟ್ ಹಾಕಿದ್ದವರು ಕೈ ಬೀಸಿ ಸುಮ್ನೆ ಒಳಗೆ ಹೋದರು. ನಾವು ಪುಳಿಯೋಗರೆ ಕೊಡೋಕೆ ಹೋದರೆ ಅವರಿಗೆ ಇಸ್ಕೊಳ್ಳೋಕೇ ಸಂಕೋಚ. ನನಗೆ ಕುಮಾರ ಪರ್ವತದ ದಾರಿಯ ಭಟ್ಟರ ಮನೆ ನೆನಪಾಯಿತು. ಬೆವರಿ ಬಂದವರ ತಟ್ಟೆಗೆ ಬಿಸಿ ಅನ್ನ, ಸಾರು, ಮಜ್ಜಿಗೆ ಬೀಳುವ ಜಾಗ ಅದು. ಅಂಥದ್ದೊಂದು ಮನೆ ಆ ಕಣಿವೆಯ ಉದ್ದಕ್ಕೂ ನಮಗೆ ಸಿಗಲಿಲ್ಲ.