ನಿಂತ್ಕೊಳ್ಳೋಕೆ ಕೊಟ್ಟ ದುಡ್ಡು

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದೋರು. 31 ವರ್ಷ ನಿಂತ್ಕೊಂಡೇ ಸಂಬಳ ಎಣಿಸಿದೋರು. ನಾನು ಓದ್ತಾ ಕೂತಿದ್ರೆ ಹಿಂದಿಂದ ಬಂದು ಹೇಳ್ತಿದ್ದಿದ್ದು ಒಂದೇ ಮಾತು, "ಚೆನ್ನಾಗಿ ಓದವ್ವ, ಫ್ಯಾನ್ ಕೆಳಗೆ ಕೂತ್ಕೊಂಡು ಮಾಡೋ ಕೆಲಸ ಸಿಗ್ಲಿ." ಸಿಕ್ತು. ಫ್ಯಾನ್ ಏನು, ಏಸಿನೇ ಸಿಕ್ತು, ಗಿರಗಿರ ತಿರುಗೋ ಕುರ್ಚಿನೂ ಸಿಕ್ತು, ಹನ್ನೆರಡು ವರ್ಷ ಅದರಲ್ಲೇ ಕೂತೆ, ಸೊಂಟ ಹಿಡ್ಕೊಳ್ತು, ಈಗ 24 ಸಾವಿರ ಕೊಟ್ಟು ನಿಂತ್ಕೊಂಡು ಕೆಲಸ ಮಾಡೋ ಟೇಬಲ್ ತಂದಿದೀನಿ. ಇದನ್ನ ಅಪ್ಪಂಗೆ ಯಾವ ಬಾಯಲ್ಲಿ ಹೇಳೋದು ಅಂತ ಒಂದು ವಾರ ಒದ್ದಾಡಿದೆ.

ನೇರವಾಗಿ ಅಂಗಡಿಗೆ ಹೋಗಿ ತಂದಿದ್ದಲ್ಲ ಬಿಡಿ, ಅಷ್ಟು ಧಾರಾಳಿ ಅಲ್ಲ ನಾನು. ಮೊದಲು ಡೈನಿಂಗ್ ಟೇಬಲ್ ಮೇಲೆ ಕುಕ್ಕರ್ ಬಂದಿದ್ದ ರಟ್ಟಿನ ಡಬ್ಬ ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಕೀಬೋರ್ಡ್ ಒತ್ತಿದಾಗೆಲ್ಲ ತೇರಿನ ಥರ ತೂಗಾಡ್ತಿತ್ತು. ಆಮೇಲೆ ಅಕ್ಕಿ ಡಬ್ಬ. ಅದು ಗಟ್ಟಿಯಾಗಿ ನಿಲ್ತು, ಆದ್ರೆ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನಮ್ಮತ್ತೆ ಪಾವು ಹಿಡ್ಕೊಂಡು ಬಂದು ಕಾಯ್ತಾ ನಿಲ್ಲೋರು, ನಾನು ಮೀಟಿಂಗ್ ಮಧ್ಯೆ ಆಫೀಸನ್ನೇ ಎತ್ತಿ ಪಕ್ಕಕ್ಕಿಟ್ಟು ಅಕ್ಕಿ ಕೊಡ್ಬೇಕು.

ಮೋಟಾರ್ ಇರೋ ಟೇಬಲ್ ಬಂದ ಮೇಲೆ ಗೊತ್ತಾಯ್ತು, ಇದರ ಶಾಸ್ತ್ರ ಏನು ದೊಡ್ಡದಲ್ಲ. ಮೊಳಕೈನ ತೊಂಬತ್ತು ಡಿಗ್ರಿ ಮಡಚಿದ್ರೆ ಕೈ ಎಲ್ಲಿ ಬರುತ್ತೋ ಅಷ್ಟು ಎತ್ತರಕ್ಕೆ ಟೇಬಲ್, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಅಷ್ಟೇ. ಈ ಎತ್ತರವನ್ನ ಎಲ್ಲೋ ನೋಡಿದೀನಲ್ಲ ಅಂತ ತಲೆ ಕೆರ್ಕೊಂಡು ಆಮೇಲೆ ಹೊಳೀತು, ನಮ್ಮ ದರ್ಶಿನಿ ಹೋಟೆಲಿನ ಸ್ಟೀಲ್ ಟೇಬಲ್! ಬೆಂಗಳೂರಿನೋರು 1980ರ ದಶಕದಿಂದ ಈ ಎತ್ತರದಲ್ಲಿ ಇಡ್ಲಿ ಮುರೀತಾ ಇದೀವಿ, ಅದಕ್ಕೆ ಯಾರೂ ಆರೋಗ್ಯ ಅಂತ ಹೆಸರಿಟ್ಟಿರ್ಲಿಲ್ಲ. ಆದ್ರೆ ಅಲ್ಲಿ ಇಡ್ಲಿ ವಡೆ ಕಾಫಿ ಮುಗಿಯೋಕೆ ಎಷ್ಟೊತ್ತು ಬೇಕೋ ಅಷ್ಟೊತ್ತು ನಿಲ್ತೀವಿ, ಹತ್ತು ಹದಿನೈದು ನಿಮಿಷ. ನಾನು ಮೊದಲ ದಿನ ಹುರುಪಲ್ಲಿ ನಾಲ್ಕು ಗಂಟೆ ನಿಂತೆ. ಸಂಜೆ ಹಿಮ್ಮಡಿ ಎಲ್ಲಿದೆ ಅಂತ ಹುಡುಕ್ಬೇಕಾಗಿತ್ತು. ಆ ಹಿಮ್ಮಡಿ ತಗೊಂಡು ಅಡುಗೆಮನೆಗೆ ಹೋದ್ರೆ ಅಲ್ಲಿ ಕಟ್ಟೆ ಮುಂದೆ ಮತ್ತೆ ನಿಲ್ಲೋದು. ನಮ್ಮಜ್ಜಿ ಒಲೆ ಮುಂದೆ ಕೂತೇ ಬೇಯಿಸೋರು, ಈಳಿಗೆ ಮಣೆ ಮೇಲೆ ಕೂತೇ ಹೆಚ್ಚೋರು, ಮನೆಗೆ ಗ್ಯಾಸು ಕಟ್ಟೆ ಬಂದಾಗ "ಇದೇನು, ನಿಂತ್ಕೊಂಡು ಅಡುಗೆ ಮಾಡೋಕೆ ಇದು ಛತ್ರನಾ" ಅಂತ ಬೈದಿದ್ರಂತೆ. ಅಡುಗೆಮನೆಗೆ ಸ್ಟ್ಯಾಂಡಿಂಗ್ ಡೆಸ್ಕ್ ಬಂದಿದ್ದು ಆವಾಗ್ಲೇ, ಯಾರೂ ಗಮನಿಸ್ಲಿಲ್ಲ ಅಷ್ಟೇ.

ತೂಕ ಇಳಿಯುತ್ತೆ ಅನ್ನೋ ಆಸೆನೂ ಒಂದಿತ್ತು, ಸುಳ್ಳು ಯಾಕೆ ಹೇಳ್ಲಿ. 2018ರಲ್ಲಿ ಬಂದ ಒಂದು ಲೆಕ್ಕ ನೋಡಿದೆ, ಕೂರೋದಕ್ಕಿಂತ ನಿಂತ್ರೆ ನಿಮಿಷಕ್ಕೆ 0.15 ಕ್ಯಾಲೊರಿ ಜಾಸ್ತಿ ಖರ್ಚಂತೆ. 65 ಕೆಜಿ ಇರೋರು ಆರು ಗಂಟೆ ನಿಂತ್ರೆ 54 ಕ್ಯಾಲೊರಿ. ಅಂದ್ರೆ ಹೆಚ್ಚುಕಮ್ಮಿ ಒಂದು ಇಡ್ಲಿ. ಆರು ಗಂಟೆ ಕಾಲು ನೋಯಿಸ್ಕೊಂಡು ಒಂದು ಇಡ್ಲಿ ಕರಗಿಸೋ ಬದಲು ಆ ಇಡ್ಲಿನೇ ಬಿಡಬಹುದಲ್ವಾ ಅಂತ ನಮ್ಮನೆಯೋರು ಕೇಳಿದ್ರು, ನಾನು ಉತ್ತರ ಕೊಡ್ಲಿಲ್ಲ.

ನಿಲ್ಲೋದು ಕೆಲವರಿಗೆ ಶೋಕಿ, ಕೆಲವರಿಗೆ ಶಿಕ್ಷೆ. ಸ್ಕೂಲಲ್ಲಿ ಹೋಂವರ್ಕ್ ಮಾಡದೆ ಇದ್ರೆ ಬೆಂಚಿನ ಮೇಲೆ ನಿಲ್ಲಿಸೋರು. ಕೇರಳದಲ್ಲಿ ಬಟ್ಟೆ ಅಂಗಡಿ ಹೆಣ್ಮಕ್ಕಳು ಕೂರೋ ಹಕ್ಕಿಗೆ ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಅಲ್ಲಿ ಕಾನೂನು ಬಂತು, 2021ರಲ್ಲಿ ತಮಿಳುನಾಡಲ್ಲೂ ಬಂತು. ಅವರು ಒಂದು ಸ್ಟೂಲಿಗೆ ಕಾನೂನು ಮಾಡಿಸ್ಬೇಕಾಯ್ತು, ನಾನು ಸ್ಟೂಲು ತಪ್ಪಿಸ್ಕೊಳ್ಳೋಕೆ ಇಎಂಐ ಕಟ್ತಾ ಇದೀನಿ. ಇದು ಓದಿದ ದಿನ ಸ್ವಲ್ಪ ಹೊತ್ತು ಟೇಬಲ್ ಇಳಿಸ್ಬಿಟ್ಟೆ. ಇನ್ನು ನಮ್ಮ ಆಫೀಸಲ್ಲಿ ದಿನಾ ಬೆಳಿಗ್ಗೆ ಹದಿನೈದು ನಿಮಿಷ ಸ್ಟ್ಯಾಂಡಪ್ ಮೀಟಿಂಗ್ ಅಂತಿದೆ, ನಿಂತ್ಕೊಂಡ್ರೆ ಮಾತು ಬೇಗ ಮುಗಿಯುತ್ತೆ ಅಂತ ಮಾಡಿದ್ದಂತೆ ಅದನ್ನ. ಈಗ ಎಲ್ಲರೂ ಅವರವರ ಮನೇಲಿ ಕೂತಿರ್ತಾರೆ, ಮುಕ್ಕಾಲು ಗಂಟೆ ಆಗುತ್ತೆ.

ಕೊನೆಗೆ ಅಪ್ಪಾನೇ ಊರಿಂದ ಬಂದ್ರು, ಮುಚ್ಚಿಡೋಕೆ ಆಗೋ ಸಾಮಾನಾ ಅದು. ಬಟನ್ ಒತ್ತಿ ಐದಾರು ಸಲ ಮೇಲೆ ಕೆಳಗೆ ಆಡಿಸಿ ನೋಡಿದ್ರು. "ಎಷ್ಟವ್ವ?" ಅಂದ್ರು. "ಒಂಬತ್ತು ಸಾವಿರ" ಅಂದೆ. ಅದಕ್ಕೇ ಬಾಯಿ ತೆರೆದ್ರು.

ಸಮಾಧಾನಕ್ಕೆ ಅಂತ ಲಂಡನ್ ಬಸ್ಸಿನ ಕಥೆ ಹೇಳಿದೆ. ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನೋರ ಮೇಲೆ ಅಧ್ಯಯನ ಮಾಡಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬರೆದ್ರು, ದಿನವಿಡೀ ಕೂತಿರೋ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ ಅಂತ. ಆಮೇಲೆ ಯೂನಿಫಾರ್ಮ್ ಪ್ಯಾಂಟಿನ ಅಳತೆ ತೆಗೆಸಿ ನೋಡಿದ್ರು, ಡ್ರೈವರ್‌ಗಳ ಸೊಂಟದ ಸುತ್ತಳತೆನೇ ಜಾಸ್ತಿ. ಅಪ್ಪ ಪೂರ್ತಿ ಕೇಳಿಸ್ಕೊಂಡು, "ನಮ್ ಬಸ್ಸಿಗೆ ಮಹಡಿ ಇರ್ಲಿಲ್ಲ ಕಣವ್ವ" ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ ಅವರೇ ಸೇರಿಸಿದ್ರು, "ಆ ಡಾಕ್ಟ್ರು ಹೇಳಿದ್ದು ಓಡಾಡಿದ್ದಕ್ಕೆ, ನಿಂತಿದ್ದಕ್ಕಲ್ಲ. ನಿಲ್ಲೋದು ಕಷ್ಟ ಅಲ್ಲ, ಅಲ್ಲಾಡದೆ ನಿಲ್ಲೋದು ಕಷ್ಟ. ನನ್ನ ಬಸ್ಸು ಅಲ್ಲಾಡಿಸ್ತಿತ್ತು. ಇದು ಅಲ್ಲಾಡಿಸುತ್ತಾ?"

ಇದಕ್ಕೆ ನನ್ನ ಹತ್ರ ಏನೂ ಇರ್ಲಿಲ್ಲ. ಅಲ್ಲಾಡದೆ ನಿಂತ್ರೆ ರಕ್ತ ಕಾಲಲ್ಲೇ ನಿಂತುಬಿಡುತ್ತೆ, ಮೀನಖಂಡ ಆಡಿಸಿದ್ರೇನೇ ಅದು ಮೇಲೇರೋದು ಅಂತ ನಾನು ವಿಡಿಯೋ ನೋಡಿ ಕಲ್ತಿದ್ದನ್ನ ಅವರು ಗುಂಡಿ ಬಿದ್ದ ರೋಡಲ್ಲಿ ಕಲ್ತಿದ್ರು. ಕಂಬಿಗೆ ಸೊಂಟ ಒರಗಿಸಿ, ಬೆರಳ ಸಂದಿಯಲ್ಲಿ ನೋಟು ಉದ್ದಕ್ಕೆ ಮಡಚಿಟ್ಕೊಂಡು, ಓಡೋ ಬಸ್ಸಲ್ಲಿ ಎಡಗೈ ಮೇಲೆ ವೇಬಿಲ್, ಅಂದ್ರೆ ಟಿಕೆಟ್ ಲೆಕ್ಕದ ಹಾಳೆ, ಇಟ್ಕೊಂಡು ಬರೀತಿದ್ರು. ಆ ಎಡಗೈ ಮುಂದೆ ನನ್ನ ಮೋಟಾರ್ ಟೇಬಲ್ ಯಾವ ಲೆಕ್ಕ.

ಆಮೇಲೆ ಅವರೇ ಅತ್ತೆನ ಕೇಳಿ ದೇವರಮನೆಯಿಂದ ಒಂದು ಹಳೇ ಮಣೆ ತಂದು ಟೇಬಲ್ ಕೆಳಗೆ ಇಟ್ರು. "ಒಂದು ಕಾಲು ಇದರ ಮೇಲಿಡು, ಸ್ವಲ್ಪ ಹೊತ್ತಾದ್ಮೇಲೆ ಇನ್ನೊಂದು, ಎರಡೂ ನೋವು ಬಂದ್ರೆ ಕೂತ್ಕೊ, ನಿನ್ನನ್ನ ಯಾರು ತಡೀತಾರೆ." ಸೊಂಟಕ್ಕೆ ಎಷ್ಟು ಹಾಯ್ ಆಯ್ತು ಅಂತೀರಾ. ಕೂರೋಕೆ ಮಾಡಿದ ಮಣೆ ಕೊನೆಗೆ ನಿಲ್ಲೋಕೆ ಒದಗಿತು.

ಮರುದಿನ ಬೆಳಿಗ್ಗೆ ಟೇಬಲ್ ಮೇಲೇರಿದ್ದಾಗ ಕರೆಂಟ್ ಹೋಯ್ತು. ಮೊಬೈಲ್ ಇಂಟರ್ನೆಟ್ಟಲ್ಲಿ ಮೀಟಿಂಗ್ ನಡೀತು, ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಟೇಬಲ್ಲಿಗೆ ಇರ್ಲಿಲ್ಲ, ಇಳೀಲೇ ಇಲ್ಲ. ನಮ್ಮ ಟೀಮಲ್ಲಿ ಸ್ಟ್ಯಾಂಡಪ್ ಮೀಟಿಂಗಿಗೆ ನಿಜವಾಗ್ಲೂ ನಿಂತಿದ್ದೋಳು ನಾನೊಬ್ಬಳೇ. ಅಪ್ಪ ನನ್ನ ಖಾಲಿ ಕುರ್ಚಿ ಎಳ್ಕೊಂಡು ಕೂತು, ಪೇಪರ್ ಹಿಡ್ಕೊಂಡು, ಅರ್ಧ ಸುತ್ತು ಈ ಕಡೆ ಅರ್ಧ ಸುತ್ತು ಆ ಕಡೆ ತಿರುಗ್ತಾ ನನ್ನೇ ನೋಡ್ತಿದ್ರು. ಅದೇನನ್ನಿಸ್ತೋ, ಹಳೇ ಗಂಟಲಲ್ಲಿ ಕೂಗಿದ್ರು, "ಮುಂದಕ್ಕೆ ಹೋಗಿ, ಮುಂದಕ್ಕೆ, ಮುಂದೆ ಖಾಲಿ ಇದೆ!"

ನಾನು ಮ್ಯೂಟ್ ಮಾಡಿರ್ಲಿಲ್ಲ.